ಕಾಣದ ಮನೆವಿಳಾಸ

ಗ್ಲೆನಿಸ್ ಇಂಗ್ಲೆಂಡಿನ ಗ್ರಿಮ್ಸ್‌ಬಿಯಲ್ಲಿ ಪರದೆ ಹೊಲಿಯುವ ಪುಟ್ಟ ಕಂಪನಿ ನಡೆಸುತ್ತಿದ್ದಳು. ಅವಳು ಬಿಟ್ಟುಬಂದಿದ್ದ ಗಂಡ, ಕಂಪನಿಯ ಸಾರ್ವಜನಿಕ ದಾಖಲೆಯಲ್ಲಿ ಅವಳ ಮನೆವಿಳಾಸ ಓದಿಕೊಂಡು ಒಂದು ಬೆಳಿಗ್ಗೆ ಬಂದು ಬಾಗಿಲು ಒದ್ದ. ಪೊಲೀಸರು ಅವನನ್ನು ಕರೆದೊಯ್ದ ಮೇಲೆ ಅವಳು ಮನೆ ಬದಲಿಸಿದಳು.

“ಈ ಸಲ ದಾಖಲೇಲಿ ನನ್ನ ಆಫೀಸಿನ ವಿಳಾಸ ಹಾಕೋಣ. ನಿಮ್ಮನೇದು ಯಾರಿಗೂ ಕಾಣಲ್ಲ,” ಎಂದ ಅವಳ ಆಡಿಟರ್ ಡೆಸ್ಮಂಡ್.

ಹೆದರಿಕೆಗೆ ಅವಳು ಗೆಳತಿಯರಿಗೂ ಹೊಸ ಮನೆ ತಿಳಿಸಲಿಲ್ಲ; ಆ ಆಫೀಸಿನ ವಿಳಾಸವನ್ನಷ್ಟೇ ಕೊಟ್ಟಳು. ಐವತ್ತನೇ ಹುಟ್ಟುಹಬ್ಬದ ಕಾರ್ಡುಗಳೆಲ್ಲ ಡೆಸ್ಮಂಡನ ಆಫೀಸಿಗೇ ಬಂದವು. ಅವನ್ನು ತಂದು ಕಿಟಕಿಯಲ್ಲಿ ಜೋಡಿಸಿ, ಒಬ್ಬಳೇ ಕೇಕ್ ಕತ್ತರಿಸಿದಳು. ಒಂದು ತುಂಡು ತಿಂದು ಉಳಿದದ್ದನ್ನು ಮುಚ್ಚಿಟ್ಟಳು.

ಕೊನೆಗೆ ಹಳೆಯ ಗೆಳತಿ ಊನಾಗೆ ಫೋನ್ ಮಾಡಿದಳು. “ನನ್ನ ಮನೆ ವಿಳಾಸ ಬರ್ಕೊಳ್ಳೇ,” ಎಂದಳು.

“ಬರೆಯೋದೆಲ್ಲ ಬೇಡ ಕಣೇ. ಹೇಳು, ತಲೇಲೇ ಇಟ್ಕೋತೀನಿ,” ಎಂದಳು ಊನಾ.