ಸೈಕಲ್ಲಿಗೆ ನಿಂಬೆಹಣ್ಣು

ನಮ್ಮ ಮನೆಯಲ್ಲಿ ನಾಲ್ಕು ಸೈಕಲ್ಲುಗಳಿವೆ, ಓಡಿಸುವವರು ಯಾರೂ ಇಲ್ಲ. ಹಾಸನದ ನಮ್ಮ ಬೀದಿಗೆ ಹೊಸದಾಗಿ ಬಂದವರು ಗೇಟಿನಾಚೆಯಿಂದ ನೋಡಿ, ‘ಬಾಡಿಗೆಗೆ ಕೊಡ್ತೀರಾ ಮೇಡಂ?’ ಎಂದು ಕೇಳಿದ್ದುಂಟು. ಇಲ್ಲ ಎಂದಷ್ಟೇ ಹೇಳಿ ಒಳಗೆ ಬಂದುಬಿಡುತ್ತೇನೆ. ಅವು ನನ್ನ ಗಂಡನ ಸೈಕಲ್ಲುಗಳು. ಅವರು ಹೋಗಿ ಎರಡನೆಯ ವರ್ಷ ನಡೆಯುತ್ತಿದೆ.

ಅವರಿದ್ದಾಗ ನನಗೆ ಆ ಸೈಕಲ್ಲುಗಳ ಮೇಲೆ ಹೊಟ್ಟೆಕಿಚ್ಚಿತ್ತು. ನಾನು ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಟೀಚರು. ವಾರವೆಲ್ಲ ಬೆಳಿಗ್ಗೆ ಬಸ್ಸು ಹತ್ತಿ, ಸಂಜೆ ಬಸ್ಸು ಇಳಿದು ಬರುವವಳು. ಅವರದು ಹಾಸನದಲ್ಲೇ ಹಾರ್ಡ್‌ವೇರ್ ಅಂಗಡಿ. ಮೊಳೆ, ಬಣ್ಣ, ನಲ್ಲಿ, ಪೈಪು ಎಂದು ರಾತ್ರಿ ಊಟದ ಹೊತ್ತಿಗೆ ಮನೆ ಸೇರುತ್ತಿದ್ದರು. ಮಕ್ಕಳಾಗಲಿಲ್ಲ. ಇರುವ ಇಬ್ಬರಿಗೆ ಒಟ್ಟಿಗೆ ಸಿಗುತ್ತಿದ್ದದ್ದು ಭಾನುವಾರ ಒಂದೇ. ಆ ಭಾನುವಾರ ಬೆಳಕು ಹರಿಯುವ ಮುಂಚೆಯೇ ಇವರು ಸೈಕಲ್ ಏರಿ ಮಾಯ. ನಾನು ಅವರೆಕಾಳಿನ ಉಪ್ಪಿಟ್ಟು ಮಾಡಿ ಮುಚ್ಚಿಟ್ಟು ಕಾಯುತ್ತಿದ್ದೆ. ಅವರು ಯಾವುದೋ ಊರಿನ ಹೋಟೆಲಿನಲ್ಲಿ ಇಡ್ಲಿ ತಿಂದು ಬಿಸಿಲೇರಿದ ಮೇಲೆ ಬೆವರು ಸುರಿಸಿಕೊಂಡು ಬರುತ್ತಿದ್ದರು. ಕೋಪ ಬಾರದೆ ಇರುತ್ತದೆಯೇ?

ಒಂದು ಸೈಕಲ್ ಇದ್ದರೆ ಸಾಲದೇ ಎಂದರೆ ಅವರಿಗೆ ನಗು. ‘ಎಲ್ಲಾ ಸೀರೆನೂ ಒಂದೇ ಅಲ್ವಾ ಟೀಚರಮ್ಮ? ಒಂದೇ ಉಟ್ಕೊಂಡಿರು’ ಎನ್ನುತ್ತಿದ್ದರು. ಮೊದಲನೆಯದು ಕರಿ ಸೈಕಲ್ಲು. ದಂಡಿಗನಹಳ್ಳಿಯಲ್ಲಿ ನಮ್ಮ ಮಾವನವರು ಓಡಿಸುತ್ತಿದ್ದದ್ದು. ಎತ್ತರವಾದದ್ದು, ಹಿಂದೆ ರಾಗಿ ಮೂಟೆ ಹೊರುವಂಥ ಕ್ಯಾರಿಯರ್, ಚಕ್ರಕ್ಕೆ ಒರಗಿ ತಿರುಗುವ ಡೈನಮೊ. ಅದರ ಸ್ಟ್ಯಾಂಡ್ ಹಾಕುವ ಸದ್ದಿಗೆ ಪಕ್ಕದ ಮನೆಯ ನಾಯಿ ಎದ್ದು ಕೂರುತ್ತಿತ್ತು. ಅಂಗಡಿಗೆ, ಸಂತೆಗೆ ಅದರಲ್ಲೇ ಹೋಗುತ್ತಿದ್ದರು. ಎರಡನೆಯದು ದಪ್ಪ ಟಯರಿನ ಗೇರ್ ಸೈಕಲ್ಲು. ದುದ್ದದ ಕಡೆಯ ಕೆರೆ ಏರಿ, ತೆಂಗಿನ ತೋಟದ ನಡುವಿನ ಗಾಡಿ ಜಾಡು, ಕೆಸರು, ಕಲ್ಲು, ಎಲ್ಲ ಅದಕ್ಕೆ ಇಷ್ಟವಂತೆ. ತಿರುಗಿ ಬಂದಾಗ ಮೊದಲ ಸ್ನಾನ ಸೈಕಲ್ಲಿಗೆ, ಆಮೇಲೆ ಇವರಿಗೆ.

ಮೂರನೆಯದರ ಮೇಲೆ ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು. ಬೆರಳಿನಷ್ಟು ಸಣ್ಣ ಟಯರು, ಟಗರಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲ್ಲು. ಒಂದೇ ಕೈಯಲ್ಲಿ ಎತ್ತಿಬಿಡಬಹುದು. ಅದು ಬಿಸಿಲಿಗೆ ನಿಲ್ಲಬಾರದು, ಮಳೆಗೆ ನಿಲ್ಲಬಾರದು. ಹಾಗಾಗಿ ಹಾಲಿನಲ್ಲಿ, ಟಿವಿಯ ಪಕ್ಕದಲ್ಲಿ, ಮನೆ ಅಳಿಯನ ಹಾಗೆ ನಿಂತಿರುತ್ತಿತ್ತು. ಅದನ್ನು ಏರಿದ ದಿನ ಅರಕಲಗೂಡು ದಾಟಿ ರುದ್ರಪಟ್ಟಣದವರೆಗೂ ಹೋಗುತ್ತಿದ್ದರು. ಅಲ್ಲಿ ಹೊಳೆ ನೋಡಿ, ಯಾವುದೋ ಮನೆಯೊಳಗೆ ಯಾರೋ ಮಾಡುತ್ತಿದ್ದ ಸಂಗೀತದ ಅಭ್ಯಾಸವನ್ನು ರಸ್ತೆಯಲ್ಲೇ ನಿಂತು ಕೇಳಿ ಬರುತ್ತಿದ್ದರು. ಬಂದು ನನ್ನ ಮುಂದೆ ಅದನ್ನೆಲ್ಲ ಹೇಳುವಾಗ ನಾನು ತಲೆಯೆತ್ತದೆ ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಕಿವಿ ಮಾತ್ರ ಅಲ್ಲೇ ಇರುತ್ತಿತ್ತು.

‘ಕರೇದ್ರ ಮ್ಯಾಲೆ ಕೂತ್ರೆ ನಮ್ಮಪ್ಪನ್ ಹೆಗಲ್ ಮ್ಯಾಲೆ ಕೂತಂಗೆ ಕಣೆ. ದಪ್ಪ ಟಯರಿಂದು ಏರುದ್ರೆ ಸ್ಕೂಲ್ ತಪ್ಪಿಸ್ಕೊಂಡ್ ಓಡ್ದಂಗೆ. ಈ ಸಣ್ಣದು ಇದ್ಯಲ್ಲ, ಇದ್ರ ಮ್ಯಾಲೆ ನಂಗೆ ವಯಸ್ಸೇ ಇಲ್ಲ’ ಎಂದು ಒಮ್ಮೆ ಹೇಳಿದರು. ‘ಮನೇಲಿ ಕೂತ್ರೆ ಹೆಂಗನ್ಸುತ್ತೆ?’ ಎಂದು ಕೇಳಿದೆ. ಅವರು ಬಗ್ಗಿ ಚೈನಿಗೆ ಎಣ್ಣೆ ಬಿಡತೊಡಗಿದರು. ಅವತ್ತು ಬಾಯಿಬಿಟ್ಟು ಹೇಳಿದೆ, ತಿಂಗಳಿಗೆ ಒಂದು ಭಾನುವಾರವಾದರೂ ನನ್ನ ಜೊತೆ ಮನೆಯಲ್ಲಿ ಇರಿ ಎಂದು. ಅವರು ಆಗಲಿ ಎಂಬಂತೆ ತಲೆಯಾಡಿಸಿದರು.

ಕೆಲವು ದಿನ ಕಳೆದ ಮೇಲೆ ಹಿತ್ತಲಿನಲ್ಲಿ, ತಂತಿಯ ಮೇಲೆ ಒಣಹಾಕಿದ್ದ ನನ್ನ ಲಂಗದ ಪಕ್ಕ ಅಂಗಡಿಯ ಅಳತೆ ಟೇಪು ಹಿಡಿದು ನಿಂತಿದ್ದರು. ಏನ್ರೀ ಎಂದರೆ, ‘ತಂತಿ ಸಡ್ಲಾಗದೆ, ಬದ್ಲಾಯಿಸ್ಬೇಕು’ ಎಂದರು. ತಂತಿ ಬದಲಾಯಿಸಲೇ ಇಲ್ಲ. ಹಾರ್ಡ್‌ವೇರ್ ಅಂಗಡಿಯವನ ಮನೆಯಲ್ಲಿ ಬಟ್ಟೆ ಒಣಹಾಕಲು ಒಂದು ತಂತಿಗೆ ಗತಿಯಿಲ್ಲ ಎಂದು ಎಷ್ಟು ದಿನ ಆಡಿಕೊಂಡೆನೋ.

ಅದೇ ತಿಂಗಳು ನಾಲ್ಕನೆಯ ಸೈಕಲ್ಲು ಬಂತು. ಆಕಾಶ ನೀಲಿ ಬಣ್ಣದ ಲೇಡೀಸ್ ಸೈಕಲ್ಲು, ಮುಂದೆ ಬುಟ್ಟಿ. ‘ನಿಂಗೇ. ಒಂದ್ಸಲ ಬಂದ್ ನೋಡು, ದುದ್ದದ ತನ್ಕ ಮೆತ್ತಗೆ ಓಗ್ ಬರವ’ ಎಂದರು. ನನಗೆ ಸೈಕಲ್ ಬರುತ್ತದೆ ಎಂದು ಅವರಿಗೆ ಗೊತ್ತಿತ್ತು. ಚನ್ನರಾಯಪಟ್ಟಣದಲ್ಲಿ ಹುಡುಗಿಯಾಗಿದ್ದಾಗ ಬಾಡಿಗೆ ಸೈಕಲ್ ತೆಗೆದುಕೊಂಡು ಗಂಟೆಗಟ್ಟಲೆ ಸುತ್ತಿದವಳು ನಾನು. ಆದರೆ ನಾನು ಕೇಳಿದ್ದು ಭಾನುವಾರ, ಅವರು ತಂದಿದ್ದು ಸೈಕಲ್ಲು. ಅವರಿಗೆ ನಾನು ರಸ್ತೆಗೆ ಬರಬೇಕು, ನನಗೆ ಅವರು ಮನೆಯಲ್ಲಿರಬೇಕು. ಇಬ್ಬರೂ ಜಗ್ಗಲಿಲ್ಲ. ನನ್ನ ಸೈಕಲ್ಲು ಹಳೆಯ ದುಪ್ಪಟಿ ಹೊದ್ದುಕೊಂಡು ಮೆಟ್ಟಿಲ ಕೆಳಗೆ ನಿಂತಿತು. ನಾನು ಮಾಡಿದ್ದು ತಪ್ಪು ಎಂದು ಇವತ್ತಿಗೂ ನನಗೆ ಅನಿಸುವುದಿಲ್ಲ.

ಆಯುಧಪೂಜೆಯ ದಿನ ಮಾತ್ರ ದುಪ್ಪಟಿ ತೆಗೆಯುತ್ತಿದ್ದರು. ಬೀದಿಯವರೆಲ್ಲ ಕಾರು, ಸ್ಕೂಟರು ತೊಳೆದರೆ ಇವರು ನಾಲ್ಕು ಸೈಕಲ್ಲು ತೊಳೆದು ಸಾಲಾಗಿ ನಿಲ್ಲಿಸಿ, ವಿಭೂತಿ ಬಳಿದು, ಸೇವಂತಿಗೆ ಹಾರ ಹಾಕಿ, ಹಿಂದಿನ ಚಕ್ರಕ್ಕೆ ಮುಂದುಗಡೆಯಿಂದ ಒಂದೊಂದು ನಿಂಬೆಹಣ್ಣು ಒತ್ತಿ ಇಡುತ್ತಿದ್ದರು. ಆಮೇಲೆ ಒಂದೊಂದನ್ನೇ ಏರಿ ಕೂತು, ಮುಂದಕ್ಕೆ ಬಿಟ್ಟು, ಹಣ್ಣು ಒಡೆಯುತ್ತಿದ್ದರು. ನಾನು ಕಡ್ಲೆಪುರಿ ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತು ನಗುತ್ತಿದ್ದೆ. ನನ್ನ ಸೈಕಲ್ಲಿನ ಸರದಿ ಬಂದಾಗ, ‘ಬಾ, ನಿಂದುಕ್ಕೆ ನೀನೇ ಕೂರ್ಬೇಕು’ ಎಂದು ಕರೆಯುತ್ತಿದ್ದರು. ನಾನು ಹೋಗುತ್ತಿರಲಿಲ್ಲ. ಅದರ ಪಾಲಿನ ಹಣ್ಣನ್ನು ಅದರ ಬುಟ್ಟಿಯೊಳಗೇ ಇಡುತ್ತಿದ್ದರು. ಮಾರನೆಯ ದಿನ ಅದನ್ನು ಚಿತ್ರಾನ್ನಕ್ಕೆ ಹಿಂಡುತ್ತಿದ್ದೆ.

ಅವರು ಹೋದದ್ದು ಸೈಕಲ್ ಮೇಲಿಂದಲ್ಲ. ಅಂಗಡಿಯಲ್ಲಿ ಯಾರಿಗೋ ಮೊಳೆ ತೂಗಿಕೊಟ್ಟು ಕುರ್ಚಿಯ ಮೇಲೆ ಕೂತವರು ಏಳಲಿಲ್ಲ. ನಾನು ಆಗ ಎಂಟನೆಯ ತರಗತಿಗೆ ಪಾಠ ಮಾಡುತ್ತಿದ್ದೆ, ಫೋನು ಬಂದದ್ದು ಆಫೀಸು ರೂಮಿಗೆ. ಹೊಳೆನರಸೀಪುರದಿಂದ ಹಾಸನಕ್ಕೆ ಅಷ್ಟು ದೂರ ಇದೆಯೆಂದು ನನಗೆ ಅವತ್ತೇ ಗೊತ್ತಾದದ್ದು. ಮಾತಾಡಿಸಲು ಬಂದವರೆಲ್ಲ, ‘ಅಷ್ಟೊಂದು ಸೈಕಲ್ ಹೊಡಿಯೋರ್ಗೂ ಹಿಂಗಾಯ್ತದಾ?’ ಎಂದು ಆಶ್ಚರ್ಯಪಟ್ಟರು. ನನ್ನ ದುಃಖಕ್ಕಿಂತ ಅವರಿಗೆ ಆ ಸಂದೇಹವೇ ದೊಡ್ಡದಾಗಿತ್ತು. ಎದ್ದು ಹೋಗಿ ಎನ್ನಬೇಕೆನಿಸಿತು.

ಈಗ ಭಾನುವಾರ ಪೂರ್ತಿ ನನ್ನದೇ. ಏನು ಮಾಡಬೇಕೋ ತಿಳಿಯುವುದಿಲ್ಲ. ಬಟ್ಟೆ ಒಗೆದು ಅದೇ ಸಡಿಲ ತಂತಿಯ ಮೇಲೆ ಹಾಕುತ್ತೇನೆ. ಉಪ್ಪಿಟ್ಟು ಇಬ್ಬರಿಗಾಗುವಷ್ಟು ಮಾಡಿ ಸಂಜೆಗೂ ಅದನ್ನೇ ತಿನ್ನುತ್ತೇನೆ. ಮೊದಲು ಕಾಯುವುದಕ್ಕಾದರೂ ಒಬ್ಬರಿದ್ದರು. ಕೋಪ ಮಾಡಿಕೊಳ್ಳಲು ಕೂಡ ಮನೆಯಲ್ಲಿ ಇನ್ನೊಬ್ಬರು ಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ಅವರ ಜೊತೆ ಸೈಕಲ್ ಹೊಡೆಯುತ್ತಿದ್ದ ಗುಂಪಿನವರು ಇನ್ನೂ ಭಾನುವಾರ ಬೆಳಿಗ್ಗೆ ನಮ್ಮ ಬೀದಿಯಲ್ಲೇ ಹಾದು ಹೋಗುತ್ತಾರೆ. ತುಳಿಯುವುದನ್ನು ಬಿಟ್ಟಾಗ ಚಕ್ರಗಳು ಟಿಕಟಿಕ ಎನ್ನುವ ಸದ್ದು ಹಾಸಿಗೆಯಲ್ಲೇ ಕೇಳುತ್ತದೆ. ನಮ್ಮ ಗೇಟಿನ ಹತ್ತಿರ ಬಂದಾಗ ಅವರು ಮಾತು ನಿಲ್ಲಿಸುತ್ತಾರೆ. ಗೌರವಕ್ಕಿರಬಹುದು. ಮಾತಾಡಿಕೊಂಡೇ ಹೋಗಿದ್ದರೆ ಚೆನ್ನಾಗಿತ್ತು.

ಆ ಗುಂಪಿನಲ್ಲಿ ಹಲ್ಲಿನ ಡಾಕ್ಟರೊಬ್ಬರಿದ್ದಾರೆ, ಇವರಿಗಿಂತ ಚಿಕ್ಕವರು, ಕುಳ್ಳಗಿನ ಆಳು. ಕಳೆದ ಬೇಸಿಗೆಯಲ್ಲಿ ಒಂದು ದಿನ ಬಂದು, ಕಾಫಿ ಕುಡಿದು, ಹಾಲಿನಲ್ಲಿದ್ದ ಸಣ್ಣ ಟಯರಿನ ಸೈಕಲ್ಲನ್ನೇ ನೋಡುತ್ತಾ ಕೂತರು. ‘ನಿಂತ ಸೈಕಲ್ ಕೆಟ್ಟೋಗುತ್ತೆ ಅಕ್ಕ. ಟಯರು ಸೀಳ್ ಬರುತ್ತೆ. ಕೊಡೋ ಮನಸ್ಸಿದ್ರೆ ನಾನ್ ಇಟ್ಕೋತೀನಿ, ಅಣ್ಣ ನೋಡ್ಕೊಂಡಂಗೇ ನೋಡ್ಕೋತೀನಿ’ ಎಂದರು. ನಾನು ಕಾಫಿ ಲೋಟ ಒಳಗಿಟ್ಟು ಬಂದೆ. ಅವರು ಎದ್ದು ಹೋಗಿ ಸೀಟಿನ ಪಕ್ಕ ನಿಂತರು. ಸೀಟು ಅವರ ಸೊಂಟಕ್ಕಿಂತ ಮೇಲಿತ್ತು. ಸೀಟಿನ ಕೊಳವೆಗೆ ನನ್ನ ಗಂಡ ಕೆಂಪು ಟೇಪು ಸುತ್ತಿದ್ದರು, ಕರೆಂಟ್ ವೈರಿಗೆ ಸುತ್ತುವಂಥದ್ದು. ಅದೇನು ಎಂದು ಕೇಳಿದೆ.

‘ಇದು ಅಣ್ಣನ್ ಅಳತೆ ಅಕ್ಕ. ಸೀಟಲ್ಲಿ ಕೂತ್ರೆ ಕಾಲ್ಬೆರಳು ನೆಲ ಮುಟ್ಬೇಕು, ತುಳುದ್ರೆ ಮಂಡಿ ಒಂಚೂರೇ ಬಾಗ್ಬೇಕು. ಆ ಎತ್ತರ ಒಬ್ಬೊಬ್ರಿಗೆ ಒಂದೊಂದು. ಸೀಟು ಜಾರುದ್ರೆ ತಿರ್ಗಾ ಸರಿಯಾಗಿ ಕೂರ್ಸಕ್ಕೆ ಈ ಗುರ್ತು’ ಎಂದು ಹೇಳಿ, ತಗ್ಗಿಸಿದರೆ ತಮಗೆ ಎಲ್ಲಿಗೆ ಬರುತ್ತದೆಂದು ನೋಡಲು ಸೀಟಿನ ತಿರುಪಿಗೆ ಕೈ ಹಾಕಿದರು. ಮುಟ್ಟಬೇಡಿ ಎಂದೆ. ಅಷ್ಟು ಜೋರಾಗಿ ಹೇಳಬೇಕಿರಲಿಲ್ಲ. ಅವರು ಪೆಚ್ಚಾಗಿ ಕೈ ತೆಗೆದರು. ನನ್ನ ಗಂಡನ ಕಾಲಿನ ಉದ್ದ ಈ ಮನೆಯಲ್ಲಿ ಉಳಿದಿದ್ದದ್ದು ಅದೊಂದೇ ಕಡೆ. ಪ್ಯಾಂಟುಗಳನ್ನು ಕೂಡ ಯಾರ್‍ಯಾರಿಗೋ ಕೊಟ್ಟಾಗಿತ್ತು.

ಮೊದಲ ವರ್ಷ ಹಬ್ಬ ಮಾಡುವ ಹಾಗಿರಲಿಲ್ಲ. ಈ ಸಲ ಆಯುಧಪೂಜೆ ಹತ್ತಿರ ಬಂದಾಗ ಅರಕಲಗೂಡಿನಿಂದ ನನ್ನ ಗಂಡನ ಅಕ್ಕ ಫೋನು ಮಾಡಿದರು. ‘ಸೈಕಲ್ ಪೂಜೆ ನೀನ್ ಮಾಡಕ್ ಓಗ್ಬ್ಯಾಡ ಕಣವ್ವ. ಯಾರಾರ ಗಂಡುಸ್ರು ಕೈಲಿ ಮಾಡ್ಸು, ಇಲ್ಲಾಂದ್ರೆ ಸುಮ್ಕೆ ಒಂದ್ ಹೂ ಇಕ್ಕಿ ಬುಟ್ಬುಡು’ ಎಂದರು. ಅತ್ತಿಗೆ ಒಳ್ಳೆಯ ಹೆಂಗಸು, ನನ್ನ ಮೇಲೆ ಪ್ರೀತಿ ಇದೆ. ಆದರೂ ಮೈ ಉರಿಯಿತು. ‘ಆಯ್ತು ಅತ್ತಿಗೆ’ ಎಂದು ಫೋನಿಟ್ಟು, ಮಾರ್ಕೆಟ್ಟಿಗೆ ಹೋಗಿ ಸೇವಂತಿಗೆ, ಕಡ್ಲೆಪುರಿ, ನಾಲ್ಕು ನಿಂಬೆಹಣ್ಣು ತಂದೆ.

ಹಬ್ಬದ ಬೆಳಿಗ್ಗೆ ನಾಲ್ಕನ್ನೂ ಅಂಗಳಕ್ಕೆ ತಂದು ಗಾಳಿ ಹೊಡೆದೆ. ಒಂದೊಂದಾಗಿ ತೊಳೆದೆ, ಒರೆಸಿದೆ, ವಿಭೂತಿ ಇಟ್ಟೆ. ಕರಿ ಸೈಕಲ್ಲಿನ ಚಕ್ರಕ್ಕೆ ನಿಂಬೆಹಣ್ಣು ಒತ್ತಿಟ್ಟು ಮುಂದಕ್ಕೆ ತಳ್ಳಿದೆ. ಹಣ್ಣು ಪಕ್ಕಕ್ಕೆ ಉರುಳಿತು. ಮತ್ತೆ ಇಟ್ಟು ತಳ್ಳಿದೆ, ಮತ್ತೆ ಉರುಳಿತು. ಸಣ್ಣ ಟಯರಿನದಕ್ಕೂ ಅದೇ ಗತಿ. ಕಾರಾದರೆ ತನ್ನ ಭಾರಕ್ಕೇ ಒಡೆಯುತ್ತದೆ. ಸೈಕಲ್ಲಿಗೆ ಅಂಥ ಭಾರವಿಲ್ಲ, ಮೇಲೆ ಆಳು ಕೂರಬೇಕು. ಅಷ್ಟು ವರ್ಷ ನೋಡಿ ನಕ್ಕಿದ್ದೆ, ಇದು ಮಾತ್ರ ಹೊಳೆದಿರಲಿಲ್ಲ. ಆ ಎತ್ತರದ ಗಂಡಸರ ಸೈಕಲ್ಲುಗಳನ್ನು ಸೀರೆಯುಟ್ಟು ನಾನು ಏರುವಂತಿಲ್ಲ. ಮೆಟ್ಟಿಲ ಮೇಲೆ ಕೂತು ಅತ್ತೆ. ಪಕ್ಕದ ಮನೆಗಳಲ್ಲಿ ಹಾರನ್ನು, ಮಕ್ಕಳ ಗಲಾಟೆ, ಕುಂಬಳಕಾಯಿ ಒಡೆಯುವ ಸದ್ದು ಕೇಳುತ್ತಿತ್ತು.

ಕಣ್ಣೊರೆಸಿಕೊಂಡು ಎದ್ದು ನನ್ನ ಸೈಕಲ್ಲಿಗೆ ಹೂ ಹಾಕಲು ಬಗ್ಗಿದಾಗ ಸೀಟಿನ ಕೆಳಗೆ ಕೈ ತಗುಲಿತು. ಕೊಳವೆಗೆ ಕೆಂಪು ಟೇಪು ಸುತ್ತಿತ್ತು. ನಾನು ಒಮ್ಮೆಯೂ ಕೂರದ ಸೈಕಲ್ಲು ಅದು. ಹಿತ್ತಲ ತಂತಿ ನೆನಪಾಯಿತು, ಒಣಹಾಕಿದ್ದ ಲಂಗ, ಅದರುದ್ದಕ್ಕೂ ಇಳಿಬಿಟ್ಟಿದ್ದ ಅಳತೆ ಟೇಪು.

ಹಣ್ಣನ್ನು ಹಿಂದಿನ ಚಕ್ರಕ್ಕೆ ಒತ್ತಿಟ್ಟು, ಸೆರಗು ಸಿಕ್ಕಿಸಿ, ಏರಿ ಕೂತೆ. ಎರಡೂ ಕಾಲಿನ ಬೆರಳು ನೆಲಕ್ಕೆ ತಾಗಿದವು. ಕಾಲು ಒದ್ದು ಮುಂದಕ್ಕೆ ಬಿಟ್ಟೆ. ಕೆಳಗೆ ಹಣ್ಣು ಪಚಕ್ಕೆಂದು ಒಡೆಯಿತು. ಹಾಗೆಯೇ ಗೇಟಿನವರೆಗೆ ತುಳಿದೆ. ಮಂಡಿ ಒಂಚೂರೇ ಬಾಗಿತು. ‘ಒಡೀತು ನೋಡ್ರೀ’ ಎಂದು ಬಾಗಿಲ ಕಡೆ ತಿರುಗಿ ಹೇಳಿದೆ. ಕಡ್ಲೆಪುರಿ ತಟ್ಟೆ ಹೊಸಲಿನ ಮೇಲೆ ಇತ್ತು.

ಸ್ವಲ್ಪ ಹೊತ್ತು ಸೀಟಿನ ಮೇಲೇ ಕೂತಿದ್ದು, ಆಮೇಲೆ ಹಲ್ಲಿನ ಡಾಕ್ಟರಿಗೆ ಫೋನು ಮಾಡಿದೆ. ಮೂರು ಸೈಕಲ್ಲು ಇವೆ, ಮೂರಕ್ಕೂ ನಿಂಬೆಹಣ್ಣು ಇಟ್ಟಿದ್ದೀನಿ, ನೀವು ಬನ್ನಿ, ಇನ್ನಿಬ್ಬರು ಕಾಲುದ್ದದವರನ್ನು ಕರೆದುಕೊಂಡು ಬನ್ನಿ, ಕೂತು ಒಡೆದು ತೆಗೆದುಕೊಂಡು ಹೋಗಿ ಎಂದೆ. ಆ ಕಡೆಯಿಂದ ಅವರು ಅಳುಕುತ್ತಾ, ‘ಅಕ್ಕ, ಸೀಟು ಇಳಿಸ್ಬೋದಾ?’ ಎಂದು ಕೇಳಿದರು. ನಿಮಗೆ ಬೇಕಾದಷ್ಟು ಇಳಿಸಿಕೊಳ್ಳಿ ಎಂದೆ. ನನ್ನದನ್ನು ಇಳಿಸಬೇಕಾಗಿಲ್ಲ.