ಕಾಲಿಗೆ ಬೀಳುವ ಪಾರ್ಟು

ಮಖಮಲ್ಲಿನ ಪರದೆಗೆ ಎಷ್ಟು ಬಿಸಿಲು ಕಾಯಿಸಿದರೂ ಬಿಡದ ಒಂದು ಮುಗ್ಗಲು ವಾಸನೆ ಇರುತ್ತದೆ. ಸಕಲೇಶಪುರದ ಆಚೆ, ಗುಡ್ಡದ ಮೇಲಿನ ರೆಸಾರ್ಟೊಂದರ ಸಭಾಂಗಣದಲ್ಲಿ ಮೊನ್ನೆ ಆ ವಾಸನೆ ಮೂಗಿಗೆ ಬಡಿದಾಗ ನಾನು ಎರಡನೇ ಸಾಲಿನಲ್ಲಿ ಕೂತು ಆಕಳಿಕೆ ನುಂಗುತ್ತಿದ್ದೆ. ಅದು ಕಥಾ ಕಮ್ಮಟ. ಕಥೆ ಬರೆಯುವುದನ್ನು ಶನಿವಾರ ಭಾನುವಾರದಲ್ಲಿ ಕಲಿಸಿ ಮುಗಿಸುತ್ತಾರೆ, ಊಟ ವಸತಿ ಸಮೇತ. ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ತಪ್ಪಿಗೆ ನನ್ನನ್ನೂ ಮಧ್ಯಾಹ್ನದ ಗೋಷ್ಠಿಗೆ ಕರೆದಿದ್ದರು. ವಿಷಯ, ‘ಕಥೆಯ ಪಾತ್ರಗಳನ್ನು ರೂಪಿಸುವ ಸಂಬಂಧಗಳು ಮತ್ತು ಸನ್ನಿವೇಶಗಳು’. ಇಂಥ ವಿಷಯದ ಮೇಲೆ ಗಂಟೆಗಟ್ಟಲೆ ಮಾತಾಡಿ ಯಾರಿಗೂ ಏನೂ ತಿಳಿಯದಂತೆ ನೋಡಿಕೊಳ್ಳುವುದು ನಮ್ಮ ಕಸುಬು. ನಾನೂ ಟಿಪ್ಪಣಿ ಮಾಡಿಕೊಂಡೇ ಹೋಗಿದ್ದೆ.

ಬೆಳಗಿನ ಗೋಷ್ಠಿ ಒಬ್ಬ ಹಿರಿಯ ವಿಮರ್ಶಕರದು. ಹೆಸರು ಬೇಡ, ಹೆಗಲ ಮೇಲಿನ ಶಾಲು ಸಾಕು ಗುರುತಿಗೆ. ಅದನ್ನು ಅವರು ಸೆಕೆಯಲ್ಲೂ ತೆಗೆಯುವುದಿಲ್ಲ. ಲೇಖಕನ ಒಳಗಿನಿಂದ ಪಾತ್ರ ಹೇಗೆ ಅರಳುತ್ತದೆ ಅಂತ ಸುಮಾರು ಹೊತ್ತು ಅರಳಿಸಿದ ಮೇಲೆ ಒಂದು ಉದಾಹರಣೆ ಕೊಟ್ಟರು. “ಹಲವು ವರ್ಷದ ಹಿಂದೆ ಆಲೂರು ಕಡೆಯ ಒಂದು ಹಳ್ಳಿಯಲ್ಲಿ ನಾಟಕ ನೋಡಿದೆ. ತಪ್ಪು ಮಾಡಿದ ಕಿರಿಯ ಕೊನೆಗೆ ಹಿರಿಯನ ಕಾಲಿಗೆ ಬೀಳುತ್ತಾನೆ ಅಂತ ನಾವೆಲ್ಲ ಕಾಯುತ್ತಿದ್ದರೆ, ಹಿರಿಯನೇ ಕಿರಿಯನ ಕಾಲಿಗೆ ಬಿದ್ದುಬಿಟ್ಟ. ಕ್ಷಮೆಯ ಎಂಥ ಎತ್ತರ ನೋಡಿ. ಅದನ್ನು ಕಲ್ಪಿಸಿದವನು ಒಬ್ಬ ಹಳ್ಳಿಯ ನಾಟಕದ ಮೇಷ್ಟ್ರು.” ಕೂತಿದ್ದವರೆಲ್ಲ ತಲೆ ಬಗ್ಗಿಸಿ ಬರೆದುಕೊಂಡರು.

ಆ ಹಳ್ಳಿ ನನ್ನದು. ಆ ನಾಟಕಕ್ಕೆ ಸೈಡ್ ಪರದೆಯ ಹಿಂದೆ ನಿಂತು ಮಾತು ಎತ್ತಿಕೊಟ್ಟವಳು ನಾನು. ಅಲ್ಲಿ ಕಲ್ಪನೆ ಯಾರದು, ಕ್ಷಮೆ ಯಾರದು ಅಂತ ನಿಮಗಾದರೂ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ನಮ್ಮೂರು ಕೆ. ಹೊಸಕೋಟೆಯಿಂದ ಒಳಗೆ. ಕಾಫಿ ಕೊಯ್ಲು ಮುಗಿದು ಮೆಣಸೂ ಒಣಗಿ ಕಣ ಖಾಲಿಯಾದ ಮೇಲೆ ನಮ್ಮವರಿಗೆ ಕಲೆ ನೆನಪಾಗುತ್ತಿತ್ತು. ಮುಂಚೆ ರಾತ್ರಿಯಿಡೀ ಆಡುತ್ತಿದ್ದರಂತೆ. ಆನೆಗಳು ತೋಟಕ್ಕೆ ಇಳಿಯಲು ಶುರುವಾದ ಮೇಲೆ ಕಲೆ ಮಧ್ಯಾಹ್ನಕ್ಕೆ ಬಂತು. ಊಟವಾದ ಕೂಡಲೇ ಶುರು, ಕತ್ತಲಾಗುವುದರೊಳಗೆ ಮಂಗಳ. ಬಿಸಿಲಿಗೆ ರಾಜಗಾಂಭೀರ್ಯದ ಬಣ್ಣ ಕರಗಿ ಕುತ್ತಿಗೆಯವರೆಗೆ ಇಳಿದಿರುತ್ತಿತ್ತು, ಅಂಟಿಸಿದ ಮೀಸೆ ಮಾತಿನ ನಡುವೆ ತುಟಿಗೆ ಬರುತ್ತಿತ್ತು. ಆದರೂ ಒಬ್ಬೊಬ್ಬರ ಠೀವಿ ನೋಡಬೇಕಿತ್ತು ನೀವು.

ನಾಟಕ ಬರೆಯುತ್ತಿದ್ದವರು ಹಾರ್ಮೋನಿಯಂ ಮೇಷ್ಟ್ರೇ. ಹೆಸರು ವರ್ಷ ವರ್ಷ ಬದಲಾಗುತ್ತಿತ್ತು, ಕತೆ ಮಾತ್ರ ಅದೇ. ಒಂದು ದೊಡ್ಡ ಮನೆ, ಇಬ್ಬರು ಅಣ್ಣತಮ್ಮಂದಿರು, ಅವರನ್ನು ಬೇರೆ ಮಾಡಲು ಹೊಂಚುವ ಒಬ್ಬ ವಿಲನ್, ಕೊನೆಗೆ ನ್ಯಾಯ ಹೇಳುವ ಊರ ಹಿರಿಯ. ಮೇಷ್ಟ್ರು ಒಂಟಿಯಾಗಿ ಕೂತು ಬರೆದದ್ದು ಇಷ್ಟೇ. ಉಳಿದದ್ದನ್ನು ಊರು ಬರೆಯುತ್ತಿತ್ತು, ಪಾರ್ಟು ಹಂಚುವ ದಿನ.

ಪಾರ್ಟು ಹಂಚುವುದೆಂದರೆ ನೀವು ಮುಖ, ದನಿ, ಅಭಿನಯ ಅಂತೆಲ್ಲ ಅಂದುಕೊಳ್ಳಬೇಡಿ. ಯಾರು ಯಾರಿಗೆ ಏನಾಗಬೇಕು, ಯಾರು ಯಾರ ಮುಂದೆ ತಗ್ಗಬಹುದು ಅನ್ನುವುದೇ ಲೆಕ್ಕ. ಅಣ್ಣತಮ್ಮನ ಪಾರ್ಟು ಮಾಡುತ್ತಿದ್ದ ಇಬ್ಬರು ದಾಯಾದಿಗಳಿಗೆ ಒಂದು ಸಲ ಬೇಲಿಯ ವಿಷಯಕ್ಕೆ ಮಾತು ಬಿಟ್ಟುಹೋಯಿತು. ಪಾರ್ಟು ಬಿಡಲು ಇಬ್ಬರೂ ತಯಾರಿಲ್ಲ, ಸ್ಟೇಜಿನ ಮೇಲೂ ಒಬ್ಬರನ್ನೊಬ್ಬರು ಮಾತಾಡಿಸಲು ತಯಾರಿಲ್ಲ. ಮೇಷ್ಟ್ರು ನಡುವೆ ಒಬ್ಬ ಆಳನ್ನು ಸೇರಿಸಿದರು. ಅಣ್ಣ ಆಳಿಗೆ ಹೇಳುತ್ತಾನೆ, ಆಳು ತಮ್ಮನಿಗೆ ಹೇಳುತ್ತಾನೆ. “ಹೋಗಿ ಹೇಳೋ ಅವನಿಗೆ, ಅವನೆಂದರೆ ನನಗೆ ಪ್ರಾಣ ಎಂದು” ಅಂತ ಅಣ್ಣ ಅಬ್ಬರಿಸುವಾಗ ತಮ್ಮ ಅಲ್ಲೇ ಕೈಯಳತೆಯಲ್ಲಿ ನಿಂತಿರುತ್ತಿದ್ದ. ಹೆಣ್ಣಿನ ಪಾರ್ಟಿಗೆ ಹಾಸನದಿಂದ ಬರುತ್ತಿದ್ದ ಕಲಾವಿದೆಗೆ ಆಲೂರಿನ ಕೊನೇ ಬಸ್ಸು ಹಿಡಿಯಬೇಕಾದ್ದರಿಂದ ಆ ಮನೆಯ ಸೊಸೆ ಪ್ರತಿ ವರ್ಷವೂ ನಾಟಕದ ಅರ್ಧಕ್ಕೇ ವಿಷ ಕುಡಿದು ಸಾಯುತ್ತಿದ್ದಳು. ಸತ್ತವಳು ಬಣ್ಣ ಒರೆಸಿಕೊಳ್ಳುತ್ತಾ ರಸ್ತೆಗೆ ಓಡುವುದನ್ನು ಹಿಂದೆ ಕೂತ ಹೆಂಗಸರೆಲ್ಲ ಕಾಣುತ್ತಿದ್ದರು. ಮುಂದಿನ ಸಾಲಿನ ಗಣ್ಯರು ಮಾತ್ರ ಆ ಸಾವಿಗೆ ಕಾರಣವನ್ನು ಸಮಾಜದಲ್ಲಿ ಹುಡುಕುತ್ತಿದ್ದರು.

ಇನ್ನು ವಿಲನ್. ಅದು ಬಸವರಾಜಣ್ಣನ ಖಾಯಂ ಪಾರ್ಟು. ಬಸವರಾಜಣ್ಣ ಯಸಳೂರು ಕಡೆಯಿಂದ ನಮ್ಮೂರ ಶಾರದಕ್ಕನನ್ನು ಮದುವೆಯಾಗಿ ಬಂದು ಇಲ್ಲೇ ನಿಂತ ಮನೆಅಳಿಯ. ಶಾರದಕ್ಕನ ಅಣ್ಣ ಮಲ್ಲೇಶಪ್ಪನ ಮನೆಯಲ್ಲಿ ಊಟ, ಮಲ್ಲೇಶಪ್ಪನ ತೋಟದಲ್ಲಿ ಕೆಲಸ. ವಿಲನ್ನಿಗೆ ಕೊನೇ ಸೀನಿನಲ್ಲಿ ಎಲ್ಲರೂ ಸೇರಿ ಹೊಡೆಯಬೇಕಲ್ಲ, ಊರಿನ ಯಾವ ಗಂಡಸು ಹೆಂಡತಿಮಕ್ಕಳ ಎದುರು ಒದೆ ತಿನ್ನುತ್ತಾನೆ? ಮನೆಅಳಿಯನಾದರೆ ಕೇಳುವವರಿಲ್ಲ. ನಿಜ ಹೇಳಬೇಕೆಂದರೆ ಅವನಷ್ಟು ಮೆತ್ತಗಿನ ಮನುಷ್ಯ ಆ ಹೋಬಳಿಯಲ್ಲೇ ಇರಲಿಲ್ಲ. ಹಟ್ಟಿಯ ದನ ಗದರಿಸಲೂ ಬಾರದವನು ವರ್ಷ ವರ್ಷ ಗಹಗಹಿಸಿ ನಕ್ಕು ಮನೆ ಮುರಿಯುತ್ತಿದ್ದ. ಅವನನ್ನು ಒದೆಯುವ ಹೀರೋ ಯಾರು ಅಂತೀರಿ? ಮಲ್ಲೇಶಪ್ಪನೇ. ಆ ಒದೆಗೆ ಮಾತ್ರ ಅಭಿನಯದ ಕೊರತೆ ಇರುತ್ತಿರಲಿಲ್ಲ.

ಶಾಲಿನವರು ನೋಡಿದ ನಾಟಕ, ನಾನು ಬಿ.ಎಡ್. ಮುಗಿಸಿ ಕೆಲಸವಿಲ್ಲದೆ ಮನೆಯಲ್ಲಿ ಕೂತು ಎಲ್ಲರನ್ನೂ ಆಡಿಕೊಳ್ಳುತ್ತಿದ್ದ ವರ್ಷದ್ದು. ಮೇಷ್ಟ್ರ ಅಕ್ಷರ ಓದಬಲ್ಲವಳು ನಾನೊಬ್ಬಳೇ ಅಂತ ಮಾತು ಎತ್ತಿಕೊಡಲು ನಿಲ್ಲಿಸಿದರು. ಜಗತ್ತಿನ ರಂಗಭೂಮಿಯೆಲ್ಲ ನನ್ನ ಮೇಲೇ ನಿಂತಿದೆ ಅನ್ನುವ ಮುಖ ಮಾಡಿಕೊಂಡು ನಾನೂ ಒಪ್ಪಿದೆ. ಅದೇ ವರ್ಷ, ಊರ ಹಿರಿಯನ ಪಾರ್ಟು ಮಾಡುತ್ತಿದ್ದವರು ಅಟ್ಟದ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡರು. ನಾಟಕಕ್ಕೆ ವಾರ ಉಳಿದಿದೆ, ಅಷ್ಟುದ್ದ ಮಾತು ಕಲಿಯುವವರು ಯಾರು? ಹಿರಿಯನ ಮಾತು ಪೂರ್ತಿ ಬರುತ್ತಿದ್ದದ್ದು ಬಸವರಾಜಣ್ಣನಿಗೆ ಮಾತ್ರ. ವರ್ಷ ವರ್ಷ ಒದೆ ತಿಂದು ನೆಲದ ಮೇಲೆ ಬಿದ್ದುಕೊಂಡು ಅದನ್ನೇ ಕೇಳಿದವನಲ್ಲವೇ.

ಕಣದಲ್ಲಿ ಕೂತಿದ್ದವರೆಲ್ಲ ಒಮ್ಮೆ ಮಲ್ಲೇಶಪ್ಪನ ಮುಖ ನೋಡಿದರು. ಕಾರಣ, ನಾಟಕದ ಕೊನೆಗೆ ಹೀರೋ, ವಿಲನ್ನಿನ ಮಾತು ನಂಬಿ ಮನೆ ಒಡೆದ ತನ್ನ ತಪ್ಪು ಒಪ್ಪಿಕೊಂಡು ಹಿರಿಯನ ಕಾಲಿಗೆ ಬೀಳಬೇಕು. ಮಲ್ಲೇಶಪ್ಪ ಎಲೆಅಡಿಕೆ ಉಗಿದು, “ನಾಟ್ಕ ತಾನೆ ಮಾರಾಯ, ಬಿದ್ರಾಯ್ತು ಬುಡು” ಅಂದ. ಎಂಥ ಉದಾರಿ ಅಂತ ಎಲ್ಲರೂ ಹೊಗಳಿದರು. ಪ್ರಾಕ್ಟೀಸಿನಲ್ಲಿ ಆ ಜಾಗ ಬಂದಾಗಲೆಲ್ಲ ಮಾತ್ರ, “ಅದು ಸ್ಟೇಜ್ ಮೇಲೆ ನೋಡ್ಕಳನ, ಮುಂದಕ್ಕೆ ಹೋಗ್ರಿ” ಅಂತ ಟವೆಲ್ ಕೊಡವಿ ಎದ್ದುಬಿಡುತ್ತಿದ್ದ.

ಬಸವರಾಜಣ್ಣ ಬೇರೆಯೇ ಮನುಷ್ಯನಾಗಿದ್ದ. ಬಿಳಿ ಶರ್ಟು ಹೊಲಿಸಿದ. ನಡಿಗೆ ನಿಧಾನವಾಯಿತು. ಒಂದು ಸಂಜೆ ನನ್ನನ್ನು ಕಾಫಿ ತುಂಬಿಡುವ ಸ್ಟೋರಿನ ಹತ್ತಿರ ನಿಲ್ಲಿಸಿ, “ಬಾವ ಕಾಲಿಗೆ ಬಿದ್ದಾಗ ನಾನೇನ್ ಮಾಡ್ಬೇಕು ಅಂತ ಬುಕ್ಕಲ್ಲಿ ಬರ್ದೈತೇನವ್ವ?” ಅಂತ ಕೇಳಿದ.

“ಹೆಗಲು ಹಿಡಿದು ಎತ್ತಿ ತಬ್ಬಿಕೊಳ್ಳೋದು ಅಂತ ಇದೆ ಬಸವರಾಜಣ್ಣ.”

“ಹಂಗಾದ್ರೆ ಸರಿ. ಬಿದ್ದೋರನ್ನ ಹಂಗೇ ಬುಡಬಾರ್ದು ಕಣವ್ವ, ಜಲ್ದಿ ಎತ್ಬೇಕು.” ಆಮೇಲೆ ಸುತ್ತ ನೋಡಿ, ಕಣದ ಅಂಚಿನಲ್ಲಿದ್ದ ಕಾಫಿ ಚೀಲವೊಂದನ್ನು ಎರಡೂ ಕೈಯಿಂದ ಹಿಡಿದು ನಿಧಾನಕ್ಕೆ ಎತ್ತಿ, ಎದೆಗೆ ಒತ್ತಿಕೊಂಡು ತೋರಿಸಿದ. “ಹಿಂಗಾ?” ನನಗೆ ನಗು ಬಂತು, ನಗಲಾಗಲಿಲ್ಲ. ಭಾವನಿಂದ ಎಂದೂ ಸಿಗದ ಮರ್ಯಾದೆ ಸುಳ್ಳಿಗಾದರೂ ಒಂದು ಸಲ ಸಿಗುತ್ತದೆ ಅಂತ ಅವನು ಅಷ್ಟು ಆಸೆ ಇಟ್ಟುಕೊಂಡಿದ್ದ. 

ನಾಟಕದ ದಿನ ಮುಖ್ಯ ಅತಿಥಿಯಾಗಿ ಬಂದವರು ಇದೇ ಶಾಲಿನವರು. ಸೊಸೆ ಸತ್ತು ಬಸ್ಸಿಗೆ ಹೋದಳು. ಹೊಸ ವಿಲನ್ ಒದೆ ತಿಂದ, ಅವನು ಪಂಚಾಯ್ತಿಯಲ್ಲಿ ನೀರು ಬಿಡುವವನು, ಅವನಿಗೂ ಕೇಳುವವರಿರಲಿಲ್ಲ. ಹಿರಿಯನ ಮಾತನ್ನು ಬಸವರಾಜಣ್ಣ ಎಷ್ಟು ಚೆನ್ನಾಗಿ ಹೇಳಿದನೆಂದರೆ ಕಡಲೆಕಾಯಿ ಸುಲಿಯುತ್ತಿದ್ದವರೂ ಕೈ ನಿಲ್ಲಿಸಿದರು. ಹೆಂಗಸರ ಕಡೆ ಶಾರದಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಆಮೇಲೆ ಆ ಜಾಗ ಬಂತು. ಮಲ್ಲೇಶಪ್ಪ ಮುಂದೆ ಬಂದು ನಿಂತ. ನಾನು, “ತಪ್ಪಾಯಿತು, ಕ್ಷಮಿಸಿ” ಅಂತ ಎತ್ತಿಕೊಟ್ಟೆ. ಅವನು ಬಗ್ಗಲಿಲ್ಲ. ಕೇಳಿಸಲಿಲ್ಲವೇನೋ ಅಂತ ಮತ್ತೆ ಜೋರಾಗಿ ಹೇಳಿದೆ. ಅಷ್ಟರಲ್ಲಿ ಬಸವರಾಜಣ್ಣ ಎತ್ತಲೆಂದು ಎರಡೂ ಕೈ ಮುಂದೆ ಚಾಚಿಬಿಟ್ಟಿದ್ದ.

ಮಲ್ಲೇಶಪ್ಪ ಆ ಕೈಗಳನ್ನು ನೋಡಿ, ಜನರ ಕಡೆ ತಿರುಗಿ, “ನನ್ ಮನೇಲಿ ಉಂಡು ನಂಗೇ ನ್ಯಾಯ ಹೇಳಕ್ಕೆ ಬಂದವ್ನೆ” ಅಂದ.

ಅದು ಪುಸ್ತಕದಲ್ಲಿ ಇರಲಿಲ್ಲ. ಅಲ್ಲಿಯವರೆಗೆ ಗ್ರಂಥದ ಭಾಷೆ ಆಡಿದವನು ಮನೆಯ ಭಾಷೆಗೆ ಇಳಿದಿದ್ದ. ಊರಿನವರಿಗೆ ತಿಳಿಯಿತು. ಒಂದು ಕಡೆಯಿಂದ ನಗು ಎದ್ದಿತು. ಬಸವರಾಜಣ್ಣ ಪರದೆಯ ಕಡೆ, ನನ್ನ ಕಡೆ ನೋಡಿದ. ಏನಾದರೂ ಮಾತು ಕೊಡು ಅನ್ನುವ ನೋಟ ಅದು. ನನ್ನ ಕೈಯಲ್ಲಿದ್ದ ಪುಸ್ತಕದಲ್ಲಿ ಅದಕ್ಕೆ ಉತ್ತರ ಬರೆದಿರಲಿಲ್ಲ. ಚಾಚಿದ ಕೈ ಹಾಗೇ ಕೆಳಗಿಳಿಯಿತು, ಅದರ ಹಿಂದೆಯೇ ಅವನ ಬೆನ್ನೂ ಬಗ್ಗಿತು. ಬಿಳಿ ಶರ್ಟಿನಲ್ಲಿ, ಅಂಟಿಸಿದ ಬಿಳಿ ಗಡ್ಡದಲ್ಲಿ, ಊರ ಹಿರಿಯ ಭಾವನ ಕಾಲು ಮುಟ್ಟಿದ. ಹಬ್ಬಹುಣ್ಣಿಮೆಗೆ ಮನೆಯಲ್ಲಿ ಮುಟ್ಟುತ್ತಿದ್ದ ಹಾಗೇ. ಮೇಷ್ಟ್ರು ಗಾಬರಿಯಾಗಿ ಮಂಗಳ ಬಾರಿಸಿದರು. ಶಾಲಿನವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಈ ಅಂತ್ಯ ರಂಗಭೂಮಿಗೆ ಹೊಸದು ಅಂತ ಮೈಕಿನಲ್ಲಿ ಹೇಳಿ ಮೇಷ್ಟ್ರಿಗೆ ಹಾರ ಹಾಕಿ, ಆನೆ ಬರುವುದರೊಳಗೆ ಕಾರು ಹತ್ತಿದರು. ಮೇಷ್ಟ್ರು ಮುಂದಿನ ವರ್ಷದಿಂದ ಅದನ್ನೇ ಬರೆದುಕೊಂಡರು, ತಮ್ಮದೇ ಅಂತ.

ಮಾರನೇ ಬೆಳಿಗ್ಗೆ ಶಾರದಕ್ಕ ಪಾತ್ರೆ ಕಟ್ಟಿದಳು. ಬಸವರಾಜಣ್ಣ ಜಗಲಿಯಲ್ಲಿ ಕೂತು, “ನಾಟ್ಕಕ್ಕೆ ಯಾರಾದ್ರೂ ಮನೆ ಬುಡ್ತಾರೇನೆ?” ಅಂತ ಗೊಣಗುತ್ತಿದ್ದ. ಅವಳು, “ನೀವು ಚಾಚಿದ ಕೈ ನೋಡ್ದೆ ಕಣ್ರೀ. ಇನ್ನು ಈ ಮನೆ ಅನ್ನ ನಂಗೆ ಇಳಿಯಾಕಿಲ್ಲ. ಬರೋದಾದ್ರೆ ಬನ್ನಿ, ಇಲ್ದಿದ್ರೆ ನಾನೊಬ್ಳೇ ಹೋಯ್ತೀನಿ” ಅಂದಳು. ಅಣ್ಣನ ಎದುರು ದನಿ ಎತ್ತದಿದ್ದ ಹೆಂಗಸು ಅವಳು. ಅವನೂ ಹಿಂದೆ ಹೊರಟ. ಯಸಳೂರಿನ ಹತ್ತಿರ ಒಂದು ಎಸ್ಟೇಟಿನ ಆಳುಗಳ ಲೈನುಮನೆಯಲ್ಲಿ ಇಬ್ಬರಿಗೂ ಒಂದು ಕೋಣೆ ಸಿಕ್ಕಿತು. ಈಗ ಬಸವರಾಜಣ್ಣ ಅಲ್ಲಿ ಆಳುಗಳ ಕೆಲಸ ನೋಡಿಕೊಳ್ಳುವ ಮೇಸ್ತ್ರಿ.

ಮೊನ್ನೆ ಕಮ್ಮಟದ ಊಟದ ಬಿಡುವಿನಲ್ಲಿ ಎಲ್ಲರೂ ಶಾಲಿನವರ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದಾಗ ನಾನು ಹೊರಗೆ ಬಂದು ಬಸವರಾಜಣ್ಣನಿಗೆ ಫೋನು ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ.

“ಚೆನ್ನಾಗಿತ್ತು ಅಂದ್ರಾ?” ಅಂತ ಕೇಳಿದ.

“ಹಿರಿಯನ ಪಾತ್ರ ಬಹಳ ದೊಡ್ಡದು ಅಂದರು. ಅಷ್ಟು ದೊಡ್ಡವನಾದ್ದರಿಂದಲೇ ಕಾಲಿಗೆ ಬಿದ್ದನಂತೆ.”

 ಹಿಂದೆ ಶಾರದಕ್ಕ ಯಾರದು ಅಂತ ಕೇಳುವುದು ಕೇಳಿಸಿತು. ಆಮೇಲೆ ಬಸವರಾಜಣ್ಣ, “ಆ ಹಿರಿಯ ಬೀಳ್ತಿರ್ಲಿಲ್ಲ ಕಣವ್ವ. ಅವನಿಗೆ ಊರೇ ಮರ್ಯಾದೆ ಕೊಡ್ತಿತ್ತು, ಅವನ್ಯಾಕೆ ಬಿದ್ದಾನು. ಬಿದ್ದಿದ್ದು ನಾನು” ಅಂದ.

“ಇಲ್ಲಿ ಹಾಗಂತ ಹೇಳಲಾ? ಹೆಸರು ಹಿಡಿದು?”

“ಹೇಳು. ನಂಗೇನ್ ನಾಚ್ಕೆ ಈಗ.”

ನನ್ನ ಗೋಷ್ಠಿ ಶುರುವಾಯಿತು. ಚೀಲದಿಂದ ಟಿಪ್ಪಣಿ ತೆಗೆಯಲಿಲ್ಲ. ಆ ಹಿರಿಯನ ಹೆಸರು ಬಸವರಾಜು, ಅವನು ಮನೆಅಳಿಯ, ಎದುರಿಗೆ ನಿಂತವನು ಅವನ ಹೆಂಡತಿಯ ಅಣ್ಣ ಅಂತ ಶುರು ಮಾಡಿದೆ. ಮೊದಲ ಸಾಲಿನಲ್ಲಿ ಶಾಲು ತಲೆಯಾಡಿಸುತ್ತಿತ್ತು. ನನ್ನ ಮಾತು ಬಸವರಾಜಣ್ಣ ಚಾಚಿದ ಕೈಯವರೆಗೆ ಬರುವಷ್ಟರಲ್ಲಿ ತಲೆಯಾಡಿಸುವುದನ್ನು ನಿಲ್ಲಿಸಿತು.