ಅರ್ಧಾ ಮೋಟಾರು, ಅಪ್ಪನ ರುಮಾಲು

ಸಾಂಗಲಿಯಲ್ಲಿ ನಮ್ಮ ಪಾರಿಸ ಭಾವನ ಮೋಟಾರು ರಿಪೇರಿಯ ಷೆಡ್ಡಿಗೆ ಹೊಸದಾಗಿ ಬಂದವರು ಮೊದಲು ನೋಡುತ್ತಿದ್ದದ್ದು ಮೊಳೆಗೆ ತೂಗುಬಿಟ್ಟ ಒಂದು ಬಿಳಿ ರುಮಾಲನ್ನು. ಸುತ್ತಲೂ ಪಾನಾ, ಜಾಕು, ಎಣ್ಣೆ ಡಬ್ಬಿ, ಹಳೆಯ ಟಾಯರು. ನಡುವೆ ಮನೆಯ ಹಿರಿಯರು ತಲೆಗೆ ಸುತ್ತುವಂಥ ರುಮಾಲು. “ಯಾರದ್ರಿ ಇದು?” ಎಂದರೆ ಭಾವ, “ನಮ್ಮ ಮಾವನವರದು. ಪೆಟ್ರೋಲ್ ಸೋಸಾಕ ಇಟ್ಟೇನಿ,” ಅನ್ನುತ್ತಿದ್ದರು. ಕೇಳಿದವರು, ಮಾವನಿಗೆ ಇಂಥ ಮರ್ಯಾದೆ ಮಾಡುವ ಅಳಿಯನೂ ಇದ್ದಾನಲ್ಲ ಎಂದು ಮುಖ ಹುಳ್ಳಗೆ ಮಾಡಿಕೊಳ್ಳುತ್ತಿದ್ದರು. ನನಗೋ ಅವರ ಮುಖ ನೋಡಿದರೆ ನಗು ತಡೆಯುತ್ತಿರಲಿಲ್ಲ. ಆ ರುಮಾಲು ಆ ಮೊಳೆಗೆ ಬರದಿದ್ದರೆ ನನ್ನ ಚಂದ್ರಕ್ಕ ಮ್ಹೈಸಾಳದ ಕಿರಾಣಿ ಅಂಗಡಿಯಲ್ಲಿ ಬೆಲ್ಲ ತೂಗುತ್ತ ಕೂತಿರುತ್ತಿದ್ದಳು.

ಅದು ಸಂಸ್ಥಾನದ ಕಾಲ. ಅರಮನೆಯ ದೊಡ್ಡ ಮೋಟಾರುಗಳಿಗೆ ದೊಡ್ಡ ಮೇಸ್ತ್ರಿಗಳೇ ಇದ್ದರು. ಭಾವನ ಪಾಲಿಗೆ ಬಂದದ್ದು ಇನಾಮದಾರರ, ಸರದಾರರ ಮಕ್ಕಳು ಮುಂಬಯಿಯಿಂದ ತರಿಸಿಕೊಳ್ಳುತ್ತಿದ್ದ ಇಂಗ್ಲೆಂಡಿನ ಓಟದ ಗಾಡಿಗಳು. ಅವುಗಳಲ್ಲಿ ಪಟ್ಟದ ರಾಣಿ ಅಂದರೆ ಮಿರಜದ ಬಾಪೂಸಾಹೇಬ ಇನಾಮದಾರರ ಕೆಂಪು ಎಂ.ಜಿ. ಮೇಲೆ ಛಾವಣಿ ಇಲ್ಲ, ಬಾಗಿಲು ಮೊಣಕೈ ಹೊರಗೆ ಚಾಚುವಷ್ಟು ತಗ್ಗು, ಕೂರಲು ಇಬ್ಬರಿಗಷ್ಟೇ ಜಾಗ. ನಮ್ಮ ಓಣಿಯವರು ಅದನ್ನು ‘ಅರ್ಧಾ ಮೋಟಾರು’ ಅನ್ನುತ್ತಿದ್ದರು. ಅಷ್ಟು ದುಡ್ಡು ಸುರಿದು ಅರ್ಧವನ್ನೇ ಕೊಂಡ ಸಾಹೇಬರ ಬುದ್ಧಿಯ ಬಗ್ಗೆ ನಮ್ಮವ್ವನಿಗೆ ಕೊನೆಯವರೆಗೂ ಅನುಮಾನವಿತ್ತು.

ಆ ಅರ್ಧಾ ಮೋಟಾರಿನ ಉಪಚಾರವೇ ಒಂದು ಸಂಸಾರ. ಅದಕ್ಕೆ ಎರಡು ಕಾರ್ಬೊರೇಟರು. ಎರಡೂ ಒಂದೇ ಸಮ ಉಸಿರೆಳೆಯಬೇಕು, ಒಂದು ಹೆಚ್ಚು ಒಂದು ಕಡಿಮೆ ಆದರೆ ಗಾಡಿ ಕೆಮ್ಮುತ್ತದೆ. ಮಿರಜದ ಆಸ್ಪತ್ರೆಯ ಕಂಪೌಂಡರನಿಂದ ಹಳೆಯ ರಬ್ಬರ್ ನಳಿಗೆ ಇಸಿದುಕೊಂಡು ಭಾವ ಒಂದು ತುದಿಯನ್ನು ಕಿವಿಗೆ, ಇನ್ನೊಂದನ್ನು ಕಾರ್ಬೊರೇಟರಿನ ಬಾಯಿಗೆ ಹಿಡಿದು ಕಣ್ಣು ಮುಚ್ಚಿ ಕೂರುತ್ತಿದ್ದರು. ತಗಡಿನ ಒಳಗೆ ಗಾಡಿಯ ಅಸ್ಥಿಪಂಜರವೆಲ್ಲ ಕಟ್ಟಿಗೆಯದು. ಅದು ಸಡಿಲಾಗಿ ಕಿರುಗುಟ್ಟತೊಡಗಿದರೆ ಮಿರಜದ ಸಿತಾರ ಮಾಡುವವರ ಹತ್ತಿರ ಒಯ್ದು ಕೂಡಿಸುತ್ತಿದ್ದರು. ಅವರು ಕಟ್ಟಿಗೆ ಅಂಟಿಸಲು ಹಚ್ಚುವ ಸರಸು ಚರ್ಮದಿಂದ ಮಾಡಿದ್ದು, ಅದನ್ನು ಭಾವ ಕೈಯಿಂದ ಮುಟ್ಟುತ್ತಿರಲಿಲ್ಲ. ನಾವು ಜೈನರು. ಬೇರೆ ಮೇಸ್ತ್ರಿಗಳು ಪೆಟ್ರೋಲನ್ನು ತೆಳು ಚರ್ಮದಲ್ಲಿ ಸೋಸಿದರೆ ಭಾವ ಮಾತ್ರ ಹಳೆಯ ಧೋತರದ ತುಂಡನ್ನು ಎರಡು ಮಡಿಕೆ ಮಾಡಿ ಸೋಸುತ್ತಿದ್ದರು. ಮನೆಯಲ್ಲಿ ನೀರು ಸೋಸುವ ಹಾಗೆಯೇ.

ಇಷ್ಟು ಒಳ್ಳೆಯ ವರನಲ್ಲಿ ನಮ್ಮಪ್ಪ ಕಂಡದ್ದು ಒಂದನ್ನೇ, ಕರಿ ಉಗುರನ್ನು.

ಅಪ್ಪ ಭೂಪಾಲಣ್ಣ ಅರಿಸಿನದ ವ್ಯಾಪಾರಿ. ಸಾಂಗಲಿ ಮಗ್ಗುಲಿನ ಹರಿಪುರದಲ್ಲಿ ನೆಲದೊಳಗಿನ ಹಗೇವುಗಳಲ್ಲಿ ನಮ್ಮ ಅರಿಸಿನ ತುಂಬಿರುತ್ತಿತ್ತು. ಮನೆಯಲ್ಲಿ ಎಲ್ಲರ ಬೆರಳೂ ಹಳದಿ, ಬೆಕ್ಕಿನ ಮೂತಿಯೂ ಹಳದಿ. ಚಂದ್ರಕ್ಕ ಪಾರಿಸ ಭಾವನನ್ನು ಬಸದಿಯಲ್ಲಿ ನೋಡಿದ್ದಳು, ಮೆಚ್ಚಿದ್ದಳು, ಅವ್ವನ ಮುಂದೆ ಹೇಳಿಯೂ ಇದ್ದಳು. ಅಪ್ಪ ಕೇಳಿ ಹಾರಿಬಿದ್ದ.

“ಆ ಗಾಡಿಗೆ ಹಚ್ಚೂ ಗ್ರೀಸಿನ್ಯಾಗ ದನದ ಕೊಬ್ಬು ಇರತೈತಿ. ಅದ ಕೈಲೆ ನಾಳೆ ನನ್ನ ಮಗಳಿಗೆ ತಾಳಿ ಕಟ್ಟತಾನೇನು?”

ಸುದ್ದಿ ತಿಳಿದು ಭಾವ ತಾವೇ ನಮ್ಮ ಅಂಗಡಿಗೆ ಬಂದರು. ಸಂಕೋಚದ ಮನುಷ್ಯ ಅಂತ ಯಾರೂ ತಿಳಿಯಬೇಡಿ. ಬಡಾಯಿಗೆ ಅವರು ಯಾರಿಗೂ ಕಡಿಮೆ ಇರಲಿಲ್ಲ. “ಕೊಬ್ಬು ನಾ ಮುಟ್ಟೂದಿಲ್ರಿ ಅಣ್ಣಾ. ಔಡಲೆಣ್ಣಿ, ಸುಣ್ಣ ಕೂಡಿಸಿ ಕಾಸಿ ನಾನ ಗ್ರೀಸು ಮಾಡತೇನಿ. ನನ್ನ ಗಾಡಿ ದಾರ್‍ಯಾಗ ನಿಂತದ್ದು ಅಂತ ಇಲ್ಲ. ಬೇಕಾದ್ರ ಕುಂತು ನೋಡ್ರಿ,” ಅಂದರು.

ಅಪ್ಪ ಸುಮ್ಮನೆ ಬಿಡುವವನಲ್ಲ. ಮ್ಹೈಸಾಳದಲ್ಲಿ ಅವನ ಅಕ್ಕ ದುಂಡವ್ವ ಇದ್ದಳು, ಕಿರಾಣಿ ಅಂಗಡಿಯ ವರನನ್ನು ಹುಡುಕಿಟ್ಟವಳು ಅವಳೇ. “ನಾಳೆ ನನ್ನನ್ನ ಮ್ಹೈಸಾಳಕ್ಕ ಕರಕೊಂಡು ಹೋಗು. ಹೊತ್ತು ಮುಳುಗೂದರೊಳಗ ತಿರುಗಿ ನನ್ನ ಮನಿ ತಾಟಿನ ಮುಂದ ಕುಂದ್ರಿಸು. ಕುಂದ್ರಿಸಿದಿ, ಮಗಳು ನಿನ್ನಕಿ. ಇಲ್ಲಂದ್ರ ಕಿರಾಣಿ ಅಂಗಡಿಯವರಿಗೆ ಹೂಂ ಅಂತೇನಿ,” ಅಂದ.

ಇದರಲ್ಲೊಂದು ಕಿತಾಪತಿ ಇತ್ತು. ಈ ಮಾತಾದ ದಿನ ಚತುರ್ದಶಿ, ಅಪ್ಪನಿಗೆ ಪೂರ್ತಿ ಉಪವಾಸ. ಮರುದಿನದ ಪಾರಣೆಯೂ ತಿರುಗಿ ಬಂದ ಮೇಲೆಯೇ ಎಂದು ಹಟ. ದುಂಡವ್ವನ ಮನೆಯಲ್ಲಿ ಆಗತಾನೇ ಮೊಮ್ಮಗು ಹುಟ್ಟಿ ಹೆರಿಗೆಯ ಮೈಲಿಗೆ, ಅಲ್ಲಿ ಉಣ್ಣುವಂತಿಲ್ಲ. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಯಾರೂ ಉಣ್ಣುವುದೇ ಇಲ್ಲ. ಗಾಡಿ ತಡವಾದರೆ ಅಪ್ಪನಿಗೆ ಎರಡನೆಯ ದಿನವೂ ಉಪವಾಸ. ಹಸಿದ ಹೊಟ್ಟೆಯನ್ನೇ ಪಣಕ್ಕಿಟ್ಟು ಮಗಳ ಮದುವೆ ನಿರ್ಧರಿಸುವ ಈ ಗಂಡಸಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅಕ್ಕ ಮಾತ್ರ ಬೆಳಿಗ್ಗೆ ಎದ್ದು ಅಪ್ಪನ ಕೈಚೀಲ ಕಟ್ಟಿದಳು. ಅದರಲ್ಲಿ ನೀರು ಸೋಸಲು ಒಂದು ಹೊಚ್ಚ ಹೊಸ ಅರಿವೆ ಇಟ್ಟಳು.

ಬಾಪೂಸಾಹೇಬರ ಗಾಡಿ ಆಗಷ್ಟೇ ರಿಪೇರಿ ಮುಗಿದು ನಿಂತಿತ್ತು, ದೂರ ಓಡಿಸಿ ನೋಡಲು ಸಾಹೇಬರ ಅಪ್ಪಣೆಯೂ ಇತ್ತು. ಅಪ್ಪ ಅಂಗಡಿಯ ಕೆಲಸ ಮುಗಿಸಿ, ಮಧ್ಯಾಹ್ನ ಇಳಿದ ಮೇಲೆ, ತೊಳೆದು ಮೆತ್ತಗಾದ ತನ್ನ ಹಳೆಯ ರುಮಾಲು ಬಿಗಿದು, ದೇವರ ಹೆಸರು ಹೇಳಿ, ಆ ತಗ್ಗು ಸೀಟಿನಲ್ಲಿ ಇಳಿದ. ಓಣಿಯ ಜನಕ್ಕೆ ಕಂಡದ್ದು ಬರೀ ರುಮಾಲು.

ಮುಂದಿನದನ್ನು ನಾನು ಕಣ್ಣಾರೆ ಕಂಡಿಲ್ಲ. ಅಪ್ಪ ಹೇಳಿದ್ದೊಂದು, ಭಾವ ಹೇಳಿದ್ದೊಂದು, ಎರಡನ್ನೂ ಸೋಸಿ ಹೇಳುತ್ತೇನೆ.

ಹೋಗುವಾಗ ಗಾಡಿ ಹೂವಿನ ಹಾಗೆ ಹೋಯಿತು. ಮಿರಜ ದಾಟಿದ ಮೇಲೆ ಅಪ್ಪನೇ, “ಇನ್ನೊಂದೀಟು ಜೋರ ಬಿಡಪಾ,” ಅಂದನಂತೆ. (ಅಪ್ಪ ಇದನ್ನು ಒಪ್ಪುವುದಿಲ್ಲ.) ಮ್ಹೈಸಾಳದಲ್ಲಿ ಅಪ್ಪ ದುಂಡವ್ವನ ಅಂಗಳದ ಹೊರಗೇ ನಿಂತು ಮಗುವಿನ ಯೋಗಕ್ಷೇಮ ಕೇಳಿ ಬರುವಷ್ಟರಲ್ಲಿ ಭಾವ ಡಬ್ಬಿಯಲ್ಲಿ ತಂದಿದ್ದ ಪೆಟ್ರೋಲನ್ನು ಟಾಕಿಗೆ ಹಾಕಲು ತಯಾರಾಗಿದ್ದರು. ಕೈಯಲ್ಲಿ ಅವರ ಧೋತರದ ತುಂಡು. ಅದರ ಬಣ್ಣ ಯಾವುದೆಂದು ಹೇಳುವಂತಿರಲಿಲ್ಲ.

“ಥೂ, ಏನು ಹೊಲಸಪಾ ಇದು! ಸೋಸೂದಂದ್ರ ಹಿಂಗೇನು?” ಎಂದು ಅಪ್ಪ ಅದನ್ನು ಕಿತ್ತುಕೊಂಡು ಹರಿಯುವ ಕಾಲುವೆಗೆ ಎಸೆದ. ಚೀಲದಿಂದ ಅಕ್ಕ ಇಟ್ಟ ಹೊಸ ಅರಿವೆ ತೆಗೆದು ಎರಡು ಮಡಿಕೆ ಮಾಡಿ ತಾನೇ ಟಾಕಿಯ ಬಾಯಿಗೆ ಹಿಡಿದ. “ಹಾಕು. ಸೋಸೂದು ನನಗ ಕಲಿಸಬ್ಯಾಡ. ನಮ್ಮ ಮನಿಯೊಳಗ ಏಳು ತಲೆಮಾರಿನಿಂದ ಸೋಸಾಕತ್ತೇವಿ.”

ಭಾವನಿಗೆ ಗೊತ್ತಿತ್ತು. ನೀರಿಗೆ ಹೊಸ ಅರಿವೆ ನಡೆಯುತ್ತದೆ, ಪೆಟ್ರೋಲಿಗೆ ಹತ್ತು ಸಲ ಒಗೆದದ್ದೇ ಬೇಕು. ಹೊಸದು ಹತ್ತಿಯ ಹಿಂಜು ಬಿಡುತ್ತದೆ. ಗೊತ್ತಿದ್ದೂ ಆ ಬಡಾಯಿಗಾರ ಬಾಯಿ ತೆರೆಯಲಿಲ್ಲ, ತಲೆ ತಗ್ಗಿಸಿ ಪೆಟ್ರೋಲ್ ಸುರಿದರು.

ಮಿರಜಕ್ಕೆ ಇನ್ನೂ ಅರ್ಧ ದಾರಿ ಇರುವಾಗ ಗಾಡಿ ಎರಡು ಸಲ ಕೆಮ್ಮಿ ಜೋಳದ ಹೊಲಗಳ ನಡುವೆ ನಿಂತುಬಿಟ್ಟಿತು. ಚಳಿಗಾಲದ ಹೊತ್ತು, ಸೂರ್ಯ ಆಗಲೇ ಇಳಿಯುತ್ತಿದ್ದ. ಅಪ್ಪ ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಮಾತಿನ ಚಾಟಿ ಬೀಸಿದ. “ದಾರ್‍ಯಾಗ ನಿಂತದ್ದ ಇಲ್ಲ ಅಂದಿ! ಸುಣ್ಣ ಎಲಿ ಅಡಿಕಿಗೆ ಹಚ್ಚೂದು, ಗಾಡಿಗಲ್ಲ. ನನ್ನ ಮಗಳು ನಿನ್ನ ಕಟಗೊಂಡ್ರ ಹಿಂಗ ಹೊಲದಾಗ ಕುಂದ್ರಬೇಕಾಗತೈತಿ.” ಹೊಟ್ಟೆ ಹಸಿದಷ್ಟೂ ನಾಲಗೆ ಚುರುಕು.

ಭಾವ ಕಾರ್ಬೊರೇಟರಿನ ಬಾಯಿಯಲ್ಲಿದ್ದ ಹುಣಸೆ ಬೀಜದಷ್ಟಿನ ಜರಡಿ ಬಿಚ್ಚಿದರು. ಅದರ ತುಂಬ ಬಿಳಿ ಹಿಂಜು ಅಂಟಿಕೊಂಡಿತ್ತು. ಅವರು ಅದನ್ನು ತಟ್ಟನೆ ಮುಷ್ಟಿಯಲ್ಲಿ ಮುಚ್ಚಿದರು.

“ಏನದು? ಕೈ ತೆಗಿ,” ಅಂದ ಅಪ್ಪ.

“ಏನಿಲ್ರಿ, ಕಸ.”

“ತೆಗಿ ಅಂದ್ನೆಲ್ಲ.”

ಕರಿ ಅಂಗೈಯ ಮೇಲಿದ್ದ ಬಿಳಿ ಹಿಂಜನ್ನು ಅಪ್ಪ ತನ್ನ ಹಳದಿ ಬೆರಳಿನಿಂದ ಎತ್ತಿ ಹೊಸೆದು ನೋಡಿದ. ಅರಿಸಿನದ ಪುಡಿಯಲ್ಲಿ ಕಲಬೆರಕೆ ಹಿಡಿಯುವ ಬೆರಳು ಅದು, ಹತ್ತಿಯ ಎಳೆ ತಿಳಿಯದೇ ಇದ್ದೀತೆ?

“ನಿನಗ ಗೊತ್ತಿತ್ತೇನು?”

“ಗೊತ್ತಿತ್ರಿ.”

“ಮತ್ತ್ಯಾಕ ಹೇಳಲಿಲ್ಲ?”

“ಮಾವ ಆಗೋರಿಗೆ ನಿಮಗ ಸೋಸಾಕ ಬರೂದಿಲ್ಲ ಅಂತ ಹ್ಯಾಂಗ ಹೇಳ್ಲಿರಿ?”

ಅಪ್ಪನಿಗೆ ನಗಬೇಕೋ ಬಯ್ಯಬೇಕೋ ತಿಳಿಯಲಿಲ್ಲವಂತೆ. ಕೊನೆಗೆ, “ಈಗೇನು ಮಾಡೂದು?” ಅಂದ. ಜರಡಿ ಚೊಕ್ಕ ಮಾಡಿದರೆ ಸಾಲದು. ಟಾಕಿಯಲ್ಲಿದ್ದದ್ದನ್ನೆಲ್ಲ ಡಬ್ಬಿಗೆ ಇಳಿಸಿ ಮತ್ತೆ ಸೋಸಬೇಕು. ಅದಕ್ಕೆ ಹಳೆಯ, ಮೆತ್ತನೆಯ ಅರಿವೆ ಬೇಕು. ಭಾವ ತೊಟ್ಟದ್ದು ದಪ್ಪ ಖಾಕಿ. ಅವರ ಧೋತರದ ತುಂಡನ್ನು ಅಪ್ಪ ಕಾಲುವೆ ಪಾಲು ಮಾಡಿ ಆಗಿತ್ತು.

ಅಪ್ಪ ಎದ್ದ. ತಲೆಯ ಮೇಲಿನ ರುಮಾಲು ಬಿಚ್ಚಿದ. ನಮ್ಮ ಸೀಮೆಯಲ್ಲಿ ಗಂಡಸು ನಾಲ್ಕು ಜನರ ಮುಂದೆ ರುಮಾಲು ತೆಗೆಯುವುದು ಸಾವಿನ ಮನೆಯಲ್ಲಿ, ಇಲ್ಲವೇ ಮಾನ ಹೋದಾಗ. ಸದ್ಯ ಅಲ್ಲಿ ನಾಲ್ಕು ಜನ ಇರಲಿಲ್ಲ. “ಹಿಡಿ. ಚಂದ್ರಿ ಹುಟ್ಟೂದಕ್ಕಿಂತ ಮೊದಲಿಂದ ಅಕಿ ಅವ್ವ ಇದನ್ನ ಒಗ್ಯಾಕತ್ತಾಳ. ಇದಕ್ಕಿಂತ ಮೆತ್ತಗಂದು ನಿನಗ ಸಾಂಗಲಿ ಸಂಸ್ಥಾನದಾಗ ಸಿಗೂದಿಲ್ಲ,” ಅಂದ.

ಭಾವ ಹಿಡಿಯಲು ಹೆದರಿದರಂತೆ. ಅಪ್ಪನೇ ಕೈಯಲ್ಲಿ ತುರುಕಿದ.

ಅರ್ಧ ಪೆಟ್ರೋಲ್ ಸೋಸಿ ಆಗಿರುವಾಗ ಸಾಂಗಲಿ ಕಡೆ ಹೊರಟ ಬೆಲ್ಲದ ಲಾರಿಯೊಂದು ಬಂತು. ನಡೆಸುತ್ತಿದ್ದವನು ನಮ್ಮ ಪರಿಚಯದ ರೇವಪ್ಪ. “ಯಾಕ್ರಿ ಭೂಪಾಲಣ್ಣಾ, ಬೋಡ ತಲ್ಯಾಗ! ಹತ್ರಿ, ಹೊತ್ತು ಮುಳುಗೂದರಾಗ ಮನಿ ಮುಟ್ಟಿಸತೇನಿ,” ಎಂದು ಕೂಗಿದ.

ಅಪ್ಪ ಸೂರ್ಯನನ್ನು ನೋಡಿದ. ಮನೆಯಲ್ಲಿ ತಾಟು ಕಾಯುತ್ತಿತ್ತು, ನಿನ್ನೆಯಿಂದ ಹೊಟ್ಟೆ ಖಾಲಿ. ಲಾರಿ ಹತ್ತಿದ್ದರೆ ಊಟವೂ ಸಿಗುತ್ತಿತ್ತು, ಪಣವೂ ಗೆದ್ದಂತಾಗುತ್ತಿತ್ತು. ಆದರೆ ರುಮಾಲಿನ ಒಂದು ಚುಂಗು ಅಪ್ಪನ ಕೈಯಲ್ಲಿ, ಇನ್ನೊಂದು ಭಾವನ ಕೈಯಲ್ಲಿ. ನಡುವೆ ಪೆಟ್ರೋಲ್ ಇಳಿಯುತ್ತಿತ್ತು.

“ನೀ ನಡಿಯಪಾ ರೇವಪ್ಪ. ನನಗ ಇಲ್ಲಿ ಕೆಲಸೈತಿ,” ಅಂದ.

ಇಲ್ಲಿ ಮನೆಯಲ್ಲಿ ಚಂದ್ರಕ್ಕ ಬಾಗಿಲಿಗೂ ಒಲೆಗೂ ಓಡಾಡಿ ಸುಸ್ತಾಗಿದ್ದಳು. ಗೋಡೆಯ ಮೇಲಿನ ಬಿಸಿಲು ಮೇಲೆ ಮೇಲೆ ಹೋಗಿ ಮಾಡಿನಲ್ಲಿ ಮಾಯವಾದಾಗ ಅವಳು ತಾಟನ್ನು ಎತ್ತಿಕೊಂಡು ಒಳಗೆ ಹೋಗಿ ಕೂತಳು. ಅವಳ ಆ ಮುಖ ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಮ್ಹೈಸಾಳದ ಬೆಲ್ಲದ ತಕ್ಕಡಿ ಅವಳ ಕಣ್ಣ ಮುಂದೆ ಬಂದಿರಬೇಕು. ದೀಪ ಹಚ್ಚಿದ ಮೇಲೆ ಗಾಡಿಯ ಸದ್ದು ಕೇಳಿಸಿತು. ಕೆಮ್ಮಿಲ್ಲದ, ಸಮ ಉಸಿರಿನ ಸದ್ದು.

ಬರಿತಲೆಯಲ್ಲಿ ಇಳಿದ ಅಪ್ಪನನ್ನು ಕಂಡು ಅವ್ವ ಎದೆ ಬಡಿದುಕೊಂಡಳು. “ಅಯ್ಯ ನನ ಶಿವನ! ಯಾರು ಹ್ವಾದ್ರಿ? ದುಂಡವ್ವ ಹ್ವಾದಳೇನು?” ಗಾಬರಿಯಲ್ಲಿ ಜೈನರ ಹೆಂಗಸಿನ ಬಾಯಲ್ಲಿ ಶಿವನೂ ಬಂದ.

“ಯಾರೂ ಹೋಗಿಲ್ಲ, ಚೀರಬ್ಯಾಡ.”

“ಮತ್ತ ರುಮಾಲೆಲ್ಲಿ?”

“ಪಾರಿಸಗ ಕೊಟ್ಟೇನಿ.”

ಅವ್ವ ಅಳು ನಿಲ್ಲಿಸಿ ನೆಟ್ಟಗೆ ನಿಂತಳು. ಹೆಣ್ಣಿನ ತಂದೆ ವರನಿಗೆ ರುಮಾಲು ಕೊಟ್ಟ ಅಂದರೆ ನಮ್ಮಲ್ಲಿ ಮಾತು ಮುಗಿದ ಹಾಗೆ. ಅದಾದ ಮೇಲೆ ಸಕ್ಕರೆ ಹಂಚುವುದಷ್ಟೇ ಬಾಕಿ. “ನೀವ ಕೊಟ್ಟಿರೋ, ಅಂವ ಕೇಳಿದನೋ?”

ಅಪ್ಪ ಬಾಗಿಲಾಚೆ ನೋಡಿದ. ಭಾವ ಒದ್ದೆ ರುಮಾಲನ್ನು ಎದೆಗವಚಿಕೊಂಡು, ಊರೆಲ್ಲ ಪೆಟ್ರೋಲ್ ನಾರುವಂತೆ ನಿಂತಿದ್ದರು. ಪಣ ಸೋತ ಮುಖ. “ಅಂವ ಕೇಳಲಿಲ್ಲ. ನಾನ ಕೊಟ್ಟೆ,” ಅಂದ ಅಪ್ಪ. “ಹೊತ್ತು ಮುಳುಗೇತಿ, ಸಕ್ಕರಿ ಮುಂಜಾನೆ ಹಂಚು.”

ಒಳಗಿನಿಂದ ತಾಟು ಬಿದ್ದ ಸದ್ದು ಕೇಳಿಸಿತು. ಎತ್ತಲು ಚಂದ್ರಕ್ಕ ಬಗ್ಗಲೇ ಇಲ್ಲ. ಆ ರಾತ್ರಿ ಅಪ್ಪ ಗುಟುಕು ನೀರೂ ಕುಡಿಯದೆ, ಹಸಿದ ಹೊಟ್ಟೆಯಲ್ಲಿ, ಗೊರಕೆ ಹೊಡೆದು ಮಲಗಿದ.

ಮದುವೆಯ ದಿನ ಭಾವನ ಕೈಗೆ ಎಷ್ಟು ಅರಿಸಿನ ತಿಕ್ಕಿದರೂ ಉಗುರಿನ ಕಪ್ಪು ಹೋಗಲಿಲ್ಲ. ಅಪ್ಪ ಅದನ್ನು ನೋಡಿಯೂ ನೋಡದ ಹಾಗೆ ಜರಿಯ ಹೊಸ ರುಮಾಲನ್ನು ಆಹೇರಿಯ ಉಡುಗೊರೆಯಾಗಿ ಕೊಟ್ಟ. ಅದು ಪೆಟ್ಟಿಗೆ ಸೇರಿತು, ಹಳೆಯದು ಷೆಡ್ಡಿನ ಮೊಳೆಗೆ ಏರಿತು. ಅಲ್ಲಿ ಅದು ಎಷ್ಟು ಇಂಗ್ಲೆಂಡಿನ ಗಾಡಿಗಳಿಗೆ ಪೆಟ್ರೋಲ್ ಸೋಸಿತೋ. ಸವೆದು ಜಾಳಾದಾಗ ಅಪ್ಪ ತಾನೇ ಇನ್ನೊಂದನ್ನು ಮಡಚಿ ತಂದು, “ಇದೂ ಮೆತ್ತಗಾಗೇತಿ, ಇಟಗೋ,” ಎಂದು ಕೊಟ್ಟು ಹೋದ.

ಆಮೇಲೆ ಅಪ್ಪನಿಗೆ ಒಂದು ಚಟವೇ ಹತ್ತಿತು. ಪೇಟೆಯಲ್ಲಿ ಹೊಸ ರುಮಾಲು ಕೊಳ್ಳುವಾಗ ಅಂಗಡಿಯವನು ಬಣ್ಣ ತೋರಿಸಲಿ, ಅಂಚು ತೋರಿಸಲಿ, ಅಪ್ಪ ಮಾತ್ರ ಅದನ್ನು ಬಿಸಿಲಿಗೆ ಹಿಡಿದು ನೇಯ್ಗೆ ನೋಡುತ್ತಿದ್ದ. “ತಲಿಗೇನು, ಯಾವುದಾದ್ರೂ ನಡೀತೈತಿ. ಮುಂದ ನಮ್ಮ ಅಳಿಯಾಗ ಸೋಸಾಕ ಬರಬೇಕು ನೋಡು,” ಅನ್ನುತ್ತಿದ್ದ.